ಗೋಡೆಯ ಮೇಲಿನ ಅತ್ತೆ

ಮೊನ್ನೆ ಮೊನ್ನೆಯವರೆಗೂ ನನ್ನ ಫೋನು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹಾಲಿನವರ ನಂಬರು, ಗ್ಯಾಸಿನ ನಂಬರು, ತವರಿನ ನಂಬರು, ಇಷ್ಟಕ್ಕೇ ಅದು ಇದ್ದದ್ದು. ಮಗಳು ಚೈತ್ರಳ ಮದುವೆ ಗೊತ್ತಾದ ಮೇಲೆ, ವಿಡಿಯೋಗೆ ಹಳೆಯ ಫೋಟೋಗಳು ಬೇಕು ಎಂದು ಅವಳು ಆಲ್ಬಮ್ಮಿನಲ್ಲಿರುವುದನ್ನೂ ಗೋಡೆಯ ಮೇಲಿರುವುದನ್ನೂ ಒಂದೊಂದಾಗಿ ಅದರೊಳಗೆ ತುಂಬಿದಳು. ಮಾರನೆಯ ದಿನ ನಾನು ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನು ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಕೇಳಿತು: ಇವರಿಬ್ಬರೂ ಒಬ್ಬರೇನಾ, ಬೇರೆ ಬೇರೆಯಾ?

ಎಡಗಡೆ ಇದ್ದದ್ದು ನಾನು. ಹೋದ ಯುಗಾದಿಗೆ ಒಬ್ಬಟ್ಟು ತಟ್ಟುವಾಗ ಮಗಳು ತೆಗೆದದ್ದು. ಮೂಗಿನ ತುದಿಯಲ್ಲಿ ಮೈದಾ ಹಿಟ್ಟು. ಬಲಗಡೆ ಇದ್ದದ್ದು ನಮ್ಮ ನಡುಮನೆಯ ಗೋಡೆಯ ಮೇಲೆ, ಗಂಧದ ಹಾರದೊಳಗೆ ಇರುವ ನಮ್ಮತ್ತೆ ನಾರಾಯಣಮ್ಮ. ನಾನು ಮದುವೆಯಾಗಿ ಮಂಚೇನಹಳ್ಳಿಗೆ ಬರುವುದಕ್ಕೆ ಹದಿನಾಲ್ಕು ವರ್ಷ ಮುಂಚೆಯೇ ತೀರಿಕೊಂಡವರು.

ಕೆಳಗೆ ಎರಡು ಗುಂಡಿ. ಹೌದು, ಅಲ್ಲ. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ, ಆದರೆ ಯಾವುದನ್ನೂ ಒತ್ತಲಿಲ್ಲ. ಮನುಷ್ಯರ ಹತ್ತಿರ ಸಣ್ಣಪುಟ್ಟ ಸುಳ್ಳು ಹೇಳಿ ಅಭ್ಯಾಸವಿದೆ. ಫೋನಿನ ಹತ್ತಿರ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಅದು ಹಿಡಿದದ್ದು ಸರಿಯಾಗಿತ್ತು. ಗೋಡೆಯ ಮೇಲಿನ ಅತ್ತೆ ನಾನೇ.

ಗಾಬರಿಯಾಗಬೇಡಿ, ಇದಕ್ಕೊಂದು ಕಾರಣವಿದೆ. ಕಾರಣ ಹೇಳಿದ ಮೇಲೆ ಗಾಬರಿ ಕಡಿಮೆಯಾಗುತ್ತದೆಂದು ಮಾತ್ರ ನಾನು ಹೇಳಲಾರೆ.

"ಅತ್ತೆ ಇಲ್ದಿರೋ ಮನೆಗೆ ಹೋಗ್ತಿದ್ದೀಯ, ಪುಣ್ಯವಂತೆ ಕಣೇ" ಎಂದು ನನ್ನ ಮದುವೆಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಹೇಳಿದ್ದರು. ಬಂದು ನೋಡಿದರೆ ಅತ್ತೆ ಇದ್ದರು. ಸಾರಿನಲ್ಲಿದ್ದರು. ನಾನು ಏನು ಮಾಡಿದರೂ ನಮ್ಮ ಮಾವನವರು ಮೊದಲ ತುತ್ತನ್ನು ಕಣ್ಣು ಮುಚ್ಚಿ ನುಂಗುತ್ತಿದ್ದರು. ತಟ್ಟೆಯನ್ನು ಹತ್ತಿರ ಎಳೆದುಕೊಂಡರೆ ಸರಿಯಾಗಿದೆ ಎಂದು ಅರ್ಥ. ನೀರಿನ ಲೋಟಕ್ಕೆ ಕೈ ಹಾಕಿದರೆ ಇಲ್ಲ ಎಂದು ಅರ್ಥ. ಬಾಯಿಬಿಟ್ಟು ಒಂದು ಮಾತು ಆಡಿದವರಲ್ಲ. ಆಡುವುದಕ್ಕೆ ಚಿಂತಾಮಣಿಯಲ್ಲಿ ಅವರ ತಂಗಿ ಪಾಪಮ್ಮತ್ತೆ ಇದ್ದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತುಬಿಡುವರು. "ಬಸ್ಸಾರಿಗೆ ಈರುಳ್ಳಿ ಹಸೀದು ಹಾಕ್ತಾರೇನಮ್ಮ? ನಾರಾಯಣಮ್ಮ ಕೆಂಡದ ಮೇಲೆ ಸುಟ್ಟು ಹಾಕೋಳು. ಕಟ್ಟು ಬಸಿಯೋವಾಗ ಹುರುಳಿಕಾಳು ಒಂದು ಹಿಡಿ ತೆಗೆದಿಟ್ಟು ಅದ್ನೇ ರುಬ್ಬೋಳು." ಹೀಗೆ, ನೋಡದ ಹೆಂಗಸಿನ ಕೈಯನ್ನು ಮೂರು ವರ್ಷ ಕೇಳಿ ಕೇಳಿ ಕಲಿತೆ. ಕೊನೆಗೆ ಮಾವನವರು ಪ್ರತಿ ದಿನವೂ ತಟ್ಟೆ ಎಳೆದುಕೊಳ್ಳುವಂತಾಯಿತು.

ಒಂದು ದಿನ ನಾನು ಸಾರು ತಿರುವಿ, ಸೌಟನ್ನು ಪಾತ್ರೆಯ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿದು ಪಕ್ಕಕ್ಕಿಟ್ಟೆ. ಹೊಸಿಲ ಮೇಲಿದ್ದ ಪಾಪಮ್ಮತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಇದನ್ನ ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ಏನನ್ನ ಅತ್ತೆ?"

"ಎರಡು ಸಲ ಬಡಿಯೋದು."

ಯಾರೂ ಹೇಳಿಕೊಟ್ಟಿರಲಿಲ್ಲ. ಸೌಟನ್ನು ಜಗತ್ತಿನಲ್ಲಿ ಎಲ್ಲರೂ ಬಡಿಯುತ್ತಾರೆ, ಒಂದು ಸಲವೋ ಎರಡು ಸಲವೋ, ಲೆಕ್ಕ ಇಟ್ಟವರು ಯಾರು ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಮಾವನವರ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಸಂಜೆ ಮಗನನ್ನು ಕರೆದು, "ಅವಳ ಮುಖ ಮರ್ತೋಗ್ತಿದೆ ಕಣಪ್ಪ. ಒಂದು ಫೋಟೋ ಇದ್ದಿದ್ರೆ ಕಣ್ಣು ಪೂರ್ತಿ ಹೋಗೋಕೆ ಮುಂಚೆ ನೋಡ್ಬೋದಿತ್ತು" ಅಂದರು. ನಮ್ಮನೆಯವರು ಹುಡುಕಿದರು. ನೆಂಟರ ಮದುವೆಯ ಆಲ್ಬಮ್ಮುಗಳನ್ನೆಲ್ಲ ತಂದು ಹರವಿದರು. ಯಾವ ಗ್ರೂಪ್ ಫೋಟೋದಲ್ಲೂ ಅತ್ತೆ ಇಲ್ಲ. ಯಾರ ಮದುವೆಯಾದರೂ ಅವರು ಅಡುಗೆಯ ಕಡೆ. ಒಂದರಲ್ಲಿ ಬಾಗಿಲ ಮರೆಯಲ್ಲಿ ಸೆರಗಿನ ತುದಿ, ಇನ್ನೊಂದರಲ್ಲಿ ತಟ್ಟೆ ಹಿಡಿದ ಒಂದು ತೋಳು. ತಾಯಿ ಹೋದಾಗ ನಮ್ಮನೆಯವರಿಗೆ ಹತ್ತು ವರ್ಷ. ಆ ತೋಳು ಅಮ್ಮನದ್ದೇ ಹೌದೋ ಅಲ್ಲವೋ ಎಂದು ಅವರಿಗೂ ಖಾತ್ರಿಯಿರಲಿಲ್ಲ.

ದಾರಿ ತೋರಿಸಿದವರು ಪಾಪಮ್ಮತ್ತೆ. "ಬೆಳಕಿಗೆ ಸೈಡಾಗಿ ನಿಂತ್ರೆ ಇವಳು ಥೇಟು ನಾರಾಯಣಮ್ಮನೇ. ಇವಳ್ನೇ ಕೂರ್ಸಿ ತೆಗೆಸಿಬಿಡೋ."

"ಅದು ಪಾಪ ಅಲ್ವಾ ಅತ್ತೆ?" ಅಂದೆ.

"ಯಾಕಮ್ಮ ಪಾಪ? ನಾಟಕದಲ್ಲಿ ವೇಷ ಹಾಕಲ್ವಾ? ಐದು ನಿಮಿಷ ಕೂತ್ಕೊ, ಎದ್ದು ಬಾ."

ಹೀಗೆ ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಟ್ರಂಕಿನಲ್ಲಿದ್ದ ಅತ್ತೆಯ ಹಸಿರು ಸೀರೆಯನ್ನು ನುಸಿಗುಳಿಗೆಯ ವಾಸನೆಯ ಸಮೇತ ಉಟ್ಟು, ಎಣ್ಣೆ ಹಚ್ಚಿ ತಲೆ ಒತ್ತಿ ಬಾಚಿ ತುರುಬು ಕಟ್ಟಿ, ಮೂಗಿನ ಎರಡೂ ಕಡೆ ಒತ್ತುವ ಮೂಗುಬೊಟ್ಟು ಇಟ್ಟುಕೊಂಡು, ಹಣೆಗೆ ಕಾಸಿನಗಲ ಕುಂಕುಮವಿಟ್ಟು ಗೌರಿಬಿದನೂರಿನ ಸ್ಟುಡಿಯೋದಲ್ಲಿ ಕೂತೆ. ನಮ್ಮ ಕಡೆಯ ಮದುವೆಗಳಿಗೆಲ್ಲ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋ ಅದು. ಯಜಮಾನರು ಲೈಟು ಸರಿಮಾಡುತ್ತ, "ಎಷ್ಟು ವರ್ಷಕ್ಕೆ ಹೋದ್ರು?" ಅಂದರು.

"ಮೂವತ್ತಾರು" ಅಂದರು ನಮ್ಮನೆಯವರು.

"ಬೇಡ ಬೇಡ" ಎಂದು ಪಾಪಮ್ಮತ್ತೆ ತಡೆದರು. "ನಮ್ಮಣ್ಣನಿಗೆ ಎಪ್ಪತ್ತು. ನಾಳೆ ಇಬ್ಬರದೂ ಜೋಡಿ ಫೋಟೋ ಹಾಕ್ದಾಗ ಪಕ್ಕದಲ್ಲಿ ಮಗಳು ಕೂತಂಗೆ ಕಾಣತ್ತೆ. ಒಂದೈವತ್ತು ಮಾಡಿ."

ನನಗೆ ನಗು ತಡೆಯಲಿಲ್ಲ. ಯಜಮಾನರು ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿ, "ನಗ್ಬೇಡಿ ಅಮ್ಮ. ಹೋಗಿರೋರು ನಗಲ್ಲ" ಅಂದರು. ನಾನು ನಗುವುದನ್ನು ನಿಲ್ಲಿಸಿದೆ. ಆ ಕ್ಷಣವೇ ಅವರು ತೆಗೆದದ್ದು. ಆಮೇಲೆ ಪ್ರಿಂಟಿನ ಮೇಲೆ ಪೆನ್ಸಿಲ್ಲು, ಕುಂಚ ಹಿಡಿದು ಕೆನ್ನೆಯ ಪಕ್ಕದ ಕೂದಲಿಗೆ ನರೆ ಹಾಕಿದರು, ಕಣ್ಣಿನ ಕೆಳಗೆ ಎರಡೆರಡು ಗೆರೆ ಎಳೆದರು, ಎಡ ತುಟಿಯಂಚಿನಿಂದ ಗದ್ದದ ಕಡೆಗೆ ಒಂದೇ ಒಂದು ಗೆರೆ ಎಳೆದರು. ಮೂವತ್ತಾರಕ್ಕೆ ತೀರಿಹೋದ ಹೆಂಗಸಿಗೆ ನಾವೆಲ್ಲ ಸೇರಿ ಐವತ್ತು ತುಂಬಿಸಿದೆವು, ನನ್ನ ಮುಖದ ಮೇಲೆ.

ಮಾವನವರು ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಬಾಗಿಲ ಹಿಂದೆ ನಾನು ನಿಂತಿದ್ದೆ. ತುಂಬ ಹೊತ್ತಾದ ಮೇಲೆ ಅವರು ಮೆಲ್ಲಗೆ ಫೋಟೋವನ್ನು ಕೇಳಿದರು: "ಊಟ ಆಯ್ತೇನೇ?"

ಬಾಯಿಗೆ ಬಂದ "ಆಯ್ತು" ಎನ್ನುವುದನ್ನು ನಾನು ನುಂಗಿಕೊಂಡೆ.

ಎರಡು ವರ್ಷಕ್ಕೆ ಮಾವನವರೂ ಹೋದರು. ಜೋಡಿ ಫೋಟೋ ಗೋಡೆಗೇರಿತು. ಬಂದವರು ಕೈಮುಗಿದರು, "ಎಂಥಾ ಕಳೆ ನಿಮ್ಮತ್ತೇದು" ಅಂದರು. ನಾನು ಕಾಫಿ ಕೊಟ್ಟೆ. ಹತ್ತು ವರ್ಷದಲ್ಲಿ ಎಲ್ಲರೂ ಮರೆತರು. ಮಗಳಿಗೆ ಯಾರೂ ಹೇಳಲೇ ಇಲ್ಲ. ಒಮ್ಮೆ ನಮ್ಮನೆಯವರು ಅದರ ಮುಂದೆ ನಿಂತು ಅಮ್ಮ ಅಮ್ಮ ಎಂದು ಏನೋ ಬೇಡಿಕೊಳ್ಳುತ್ತಿದ್ದಾಗ ಮೆಲ್ಲಗೆ ನೆನಪಿಸಿದೆ. "ಗೊತ್ತು ಕಣೇ. ಬೇರೆ ಯಾವ್ದಿದೆ ಹೇಳು" ಅಂದರು.

ಈಗ ಎಡೆಯ ವಿಷಯ ಹೇಳಬೇಕು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಫೋಟೋದ ಮುಂದೆ ಹೊಸ ಬಟ್ಟೆಯಿಟ್ಟು, ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಬಡಿಸುತ್ತೇವೆ. ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ. ಬಡಿಸಿ, ಧೂಪ ಹಾಕಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಗೆ ಬಂದು ನಿಲ್ಲುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆಗೆದು ಒಳಗೆ ಹೋಗುತ್ತೇವೆ. ಆಮೇಲೆ ಮನೆಯವರ ಊಟ.

ಆ ಊಟ ನನಗೆ ಸೇರುವುದಿಲ್ಲ. ಬೆಳಗಿನಿಂದ ಹಸಿದಿದ್ದವಳಿಗೆ, ಬಾಗಿಲು ಮುಚ್ಚಿ ತೆಗೆಯುವಷ್ಟರಲ್ಲಿ ಹೊಟ್ಟೆ ತುಂಬಿಬಿಟ್ಟಿರುತ್ತದೆ. ಒಂದು ವರ್ಷ, ಎರಡು ವರ್ಷ ಅಲ್ಲ, ಪ್ರತಿ ವರ್ಷ. ಬಾಯಲ್ಲಿ ಸುಟ್ಟ ಈರುಳ್ಳಿಯ ಘಮ ಕೂಡ ಇರುತ್ತದೆ. "ಬೆಳಗ್ಗಿಂದ ಹೊಗೆ ಕುಡಿದಿರ್ತೀಯ, ಅದಕ್ಕೆ" ಎನ್ನುತ್ತಾರೆ ನಮ್ಮನೆಯವರು. ಇರಬಹುದು. ಗ್ಯಾಸ್ ಒಲೆ ಬಂದು ಎಷ್ಟೋ ವರ್ಷವಾಯಿತು ಎಂದು ನಾನು ಹೇಳಲು ಹೋಗಲಿಲ್ಲ.

ಎಡೆಗಿಟ್ಟ ಸೀರೆಯನ್ನು ಮನೆಯ ಹೆಂಗಸೇ ಉಡಬೇಕು. ಫೋಟೋದಲ್ಲಿ ಹಸಿರಿದೆ ಎಂದು ವರ್ಷಾ ವರ್ಷಾ ಹಸಿರೇ ತರುತ್ತಾರೆ. ಒಂದನ್ನೂ ನಾನು ಉಟ್ಟಿಲ್ಲ. ಟ್ರಂಕು ತೆಗೆದರೆ ಹುಲ್ಲುಗಾವಲು.

ಇದನ್ನು ನಾನು ಗಮನಿಸಿದ್ದೇ ಮಗಳ ಮದುವೆಯ ಗಲಾಟೆಯಲ್ಲಿ. "ಅಮ್ಮ, ಮದುವೇಲಾದ್ರೂ ನಿನ್ನ ಸ್ಟೈಲ್ ಬದಲಾಯಿಸು" ಎಂದು ಚೈತ್ರ ಹಠ ಹಿಡಿದಳು. ನನಗೊಂದು ಸ್ಟೈಲ್ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಬೆರಳು ಮಡಿಸುತ್ತ ಹೇಳಿದಳು: ಯಾವಾಗಲೂ ಜಡೆ, ತುರುಬಿಲ್ಲ. ಸಾಸಿವೆ ಕಾಳಿನಷ್ಟು ಸ್ಟಿಕರ್. ಮೂಗುಬೊಟ್ಟು ಒಂದೇ ಕಡೆ. ಹಸಿರು ಒಂದು ಬಿಟ್ಟು ಯಾವ ಬಣ್ಣವಾದರೂ ಆದೀತು. ಕೇಳುತ್ತ ಕೇಳುತ್ತ ನಾನು ಗೋಡೆಯ ಕಡೆ ನೋಡಿದೆ. ಇಪ್ಪತ್ತೆರಡು ವರ್ಷದಿಂದ ನಾನು ಅಲಂಕಾರ ಮಾಡಿಕೊಂಡಿರಲಿಲ್ಲ, ಆ ಫೋಟೋದಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಬ್ಯೂಟಿ ಪಾರ್ಲರಿನವಳು ಟ್ರಯಲ್ ಎಂದು ಕೂರಿಸಿ, ಕೂದಲನ್ನು ಒತ್ತಿ ಹಿಂದಕ್ಕೆಳೆದು ತುರುಬು ಹಾಕಿ, ದೊಡ್ಡ ಬೊಟ್ಟು ಇಟ್ಟು, "ನೋಡ್ಕೊಳ್ಳಿ ಆಂಟಿ, ಹೆಂಗೆ ಕಾಣ್ತೀರ" ಎಂದು ಕನ್ನಡಿ ತಿರುಗಿಸಿದಳು. ಕಣ್ಣಿನ ಕೆಳಗೆ ಎರಡೆರಡು ಗೆರೆ. ಎಡ ತುಟಿಯಂಚಿನಿಂದ ಗದ್ದದ ಕಡೆಗೆ ಒಂದೇ ಒಂದು ಗೆರೆ. ಸ್ಟುಡಿಯೋದ ಯಜಮಾನರು ಪೆನ್ಸಿಲ್ಲಿನಲ್ಲಿ ಎಲ್ಲೆಲ್ಲಿ ಎಳೆದಿದ್ದರೋ ಅಲ್ಲಲ್ಲೇ ಬಂದಿದ್ದವು. ಬಲಗಡೆ ಅವರು ಎಳೆದಿರಲಿಲ್ಲ. ಬಲಗಡೆ ಬಂದೂ ಇರಲಿಲ್ಲ. ನನಗೀಗ ನಲವತ್ತೆಂಟು. ಫೋಟೋಗೆ ಐವತ್ತು.

"ಬಿಚ್ಚಿಬಿಡಮ್ಮ" ಅಂದೆ.

ಆ ಯಜಮಾನರು ಈಗಿಲ್ಲ. ಅವರ ಮಗಳು ಅನಿತಾ ಸ್ಟುಡಿಯೋ ನಡೆಸುತ್ತಾಳೆ, ಮದುವೆಗೆ ಅವಳನ್ನೇ ಗೊತ್ತುಮಾಡಿದ್ದೆವು. ಈಗ ಹೊಸದೊಂದು ಬಂದಿದೆ: ತೀರಿಹೋದ ಅಜ್ಜಿ ತಾತ ಫೋಟೋದೊಳಗಿಂದಲೇ ಕೈಯೆತ್ತಿ ಆಶೀರ್ವಾದ ಮಾಡುವ ವಿಡಿಯೋ. ಛತ್ರದಲ್ಲಿ ದೊಡ್ಡ ಪರದೆಯ ಮೇಲೆ ಹಾಕುತ್ತಾರೆ. ನೆಂಟರೆಲ್ಲ ಅಳುತ್ತಾರೆ. ಅನಿತಾ ಒಂದು ಸ್ಯಾಂಪಲ್ ಮಾಡಿ ಕಳಿಸಿದಳು. ನಾನು ಅನ್ನ ಬಸಿಯುತ್ತ ನೋಡಿದೆ. ಹಾರದೊಳಗಿನ ನಾನು ಕಣ್ಣು ಮಿಟುಕಿಸಿದೆ. ತುಟಿ ಸ್ವಲ್ಪ ಅಲುಗಿತು, ಅದರಂಚಿನ ಗೆರೆ ಮಡಿಚಿಕೊಂಡಿತು. ಆಮೇಲೆ ಫೋಟೋದಲ್ಲಿ ಇಲ್ಲವೇ ಇಲ್ಲದ ಒಂದು ಕೈ ಚೌಕಟ್ಟಿನ ಕೆಳಗಿನಿಂದ ಮೇಲೆ ಬಂತು.

"ಅಯ್ಯೋ, ಎಡಗೈ" ಎಂದಳು ಪಕ್ಕದಲ್ಲಿದ್ದ ಚೈತ್ರ. "ಎಡಗೈಲಿ ಯಾರಾದ್ರೂ ಆಶೀರ್ವಾದ ಮಾಡ್ತಾರಾ? ಚೇಂಜ್ ಮಾಡೋಕೆ ಹೇಳ್ತೀನಿ."

ಅನಿತಾ ಮೂರು ಸಲ ಬದಲಾಯಿಸಿ ಕಳಿಸಿದಳು. ಮೂರು ಸಲವೂ ಎಡಗೈಯೇ ಬಂತು. "ಬಲಗೈ ಅಂತ ಎಷ್ಟು ಸಲ ಹೇಳಿದ್ರೂ ಆಂಟಿ, ಈ ಕಂಪ್ಯೂಟರ್ ಕೇಳ್ತಿಲ್ಲ" ಎಂದು ಅವಳೇ ಫೋನು ಮಾಡಿದಳು. ನಾನು ಹೊರಗೆ ಹೋಗಿ, ಹಿತ್ತಲಿನಲ್ಲಿ ನಿಂತು, ಅವಳಿಗೆ ಎಲ್ಲ ಹೇಳಿಬಿಟ್ಟೆ.

ನನ್ನ ಭಯ ಇದಾಗಿತ್ತು. ಮದುವೆಗೆ ಮುಂಚೆ ಹಿರಿಯರಿಗೆ ಎಡೆ ಇಡಬೇಕು. ಅವರು ಉಂಡು ಒಪ್ಪಿದ ಮೇಲೇ ಧಾರೆ. ಇಷ್ಟು ವರ್ಷ ಎಡೆ ಉಂಡದ್ದು ನಾನಾದರೆ, ನಿಜವಾದ ನಾರಾಯಣಮ್ಮ ಇಪ್ಪತ್ತೆರಡು ವರ್ಷದಿಂದ ಹಸಿದಿದ್ದಾರೆ. ಅದೊಂದು. ಇನ್ನೊಂದು, ಬದುಕಿರುವವಳ ಮುಂದೆ ಸತ್ತವರ ಎಲೆ ಇಡುತ್ತ ಹೋದರೆ ಒಂದು ದಿನ ಅವಳು ಯಾವ ಕಡೆಯವಳಾಗುತ್ತಾಳೆ? ಐವತ್ತಕ್ಕೆ ಇನ್ನೆರಡೇ ವರ್ಷ. ಮಗಳ ಕೈಯನ್ನು ನಾನು ಬದುಕಿರುವವಳಾಗಿ ಧಾರೆಯೆರೆದು ಕೊಡಬೇಕಾಗಿತ್ತು. ಇದನ್ನು ಯಾರನ್ನು ಹೋಗಿ ಕೇಳಲಿ?

ಎಲ್ಲ ಕೇಳಿಸಿಕೊಂಡು ಅನಿತಾ ಅಂದಳು: "ಆಂಟಿ, ನಿಮ್ಮ ಮನೆ ಹಳೇ ಮದುವೆಗಳು ಯಾವೂರಲ್ಲಿ ಆದ್ವು ಹೇಳಿ. ಅಪ್ಪನ ನೆಗೆಟಿವ್‌ಗಳೆಲ್ಲ ಟ್ರಂಕಲ್ಲಿವೆ. ರೋಲಿನ ಕೊನೇಲಿ ಒಂದೆರಡು ಉಳಿದ್ರೆ ಅಪ್ಪ ಅಡುಗೆಮನೆಗೆ ಹೋಗಿ ಹೊಡೆದು ಮುಗಿಸೋರು. ಅವನ್ನ ಪ್ರಿಂಟ್ ಹಾಕಿ ಯಾರಿಗೂ ಕೊಡ್ತಿರ್ಲಿಲ್ಲ."

ಮಾವನವರ ತಮ್ಮನ ಮದುವೆ ತೊಂಡೇಬಾವಿಯಲ್ಲಿ ಆಗಿತ್ತು, ಅತ್ತೆ ಹೋಗುವುದಕ್ಕೆ ಎರಡು ವರ್ಷ ಮುಂಚೆ. ವಾರದ ನಂತರ ಅನಿತಾ ಒಂದು ಕವರು ತಂದು ಕೊಟ್ಟಳು. ಕಪ್ಪುಬಿಳುಪು. ಹೊಗೆ. ದೊಡ್ಡ ಪಾತ್ರೆಯ ಮುಂದೆ ಒಬ್ಬಳು ತೆಳ್ಳಗಿನ ಹೆಂಗಸು, ಅಗಲ ಹಣೆ, ಮುಂದಿನ ಹಲ್ಲುಗಳ ನಡುವೆ ಸಂದು, ಕ್ಯಾಮೆರಾ ನೋಡಿ ಬಾಯ್ತುಂಬ ನಗುತ್ತಿದ್ದಾಳೆ. ಸೌಟು ಪಾತ್ರೆಯ ಅಂಚಿನ ಮೇಲಿದೆ. ಹಿಡಿದಿರುವುದು ಎಡಗೈಯಲ್ಲಿ.

ನನಗೂ ಅವಳಿಗೂ ಎಳ್ಳಷ್ಟೂ ಹೋಲಿಕೆಯಿರಲಿಲ್ಲ.

ನಮ್ಮನೆಯವರು ಸ್ನಾನ ಮುಗಿಸಿ ಬಂದಾಗ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಯಾರಿದು? ಅಡುಗೆಯವಳಾ?" ಅಂದರು.

ಫೋಟೋವನ್ನು ಅವರ ಕೈಯಿಂದ ತೆಗೆದುಕೊಂಡೆ. ಮದುವೆಗೆಂದು ಬಂದು ಒಂದು ವಾರದಿಂದ ನಮ್ಮಲ್ಲೇ ಇದ್ದ ಪಾಪಮ್ಮತ್ತೆಯ ಮುಂದೆ ಇಟ್ಟೆ. ಅವರಿಗೀಗ ಎಂಬತ್ತರ ಹತ್ತಿರ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಏಮ್ ತಲ್ಲೀ, ನನ್ ತಾಯೀ, ಇಷ್ಟ್ ದಿನ ಎಲ್ಲಿದ್ಯೇ" ಅಂದರು ಫೋಟೋಗೆ. ಆಮೇಲೆ ನನಗೆ: "ನಮ್ಮ ಎಡಚಿ ಕಣಮ್ಮ. ಊಟ ಮಾಡೋದೊಂದು ಬಿಟ್ರೆ ಎಲ್ಲಾ ಎಡಗೈನಲ್ಲೇ ಮಾಡೋಳು."

"ನಾನು ಇವರ ತರ ಇದ್ದೀನಿ ಅಂದಿದ್ರಲ್ಲ ಅತ್ತೆ."

"ಮುಖ ಅಂದ್ನಾ? ನೀನು ಒಲೆ ಮುಂದೆ ನಿಲ್ಲೋದು ಅವಳಂಗೇ ಇತ್ತು. ಮುಖ ನಂಗೂ ಮರ್ತೋಗಿತ್ತು."

ನಮ್ಮನೆಯವರು ಫೋಟೋ ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ತುಂಬ ಹೊತ್ತಿನ ಮೇಲೆ ಬಂದು ಕೇಳಿದ್ದು ಒಂದೇ ಮಾತು. "ಅಮ್ಮ ಹಿಂಗೆ ಹಲ್ಲು ಬಿಟ್ಟು ನಗ್ತಿದ್ಲಾ?"

ಮಗಳಿಗೂ ವಿಷಯ ತಿಳಿಯಿತು. ಅವಳು ಗೋಡೆಯನ್ನೂ ನನ್ನನ್ನೂ ನೋಡಿ ನೋಡಿ, ಅವತ್ತಿಡೀ ನನ್ನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ.

ಎಡೆಯ ದಿನ ಹಳೆಯ ಫೋಟೋ ಇಳಿಸಿ ಹೊಸದನ್ನು ಇಡುವುದೆಂದು ಗೊತ್ತಾಯಿತು. ಸೀರೆ ಯಾವ ಬಣ್ಣ ತರುವುದು? ಕಪ್ಪುಬಿಳುಪಿನಲ್ಲಿ ಏನು ತಿಳಿಯುತ್ತದೆ? "ಕನಕಾಂಬರದ ಬಣ್ಣ ಅಂದ್ರೆ ಪ್ರಾಣ ಬಿಡೋಳು" ಅಂದರು ಪಾಪಮ್ಮತ್ತೆ. ಅದನ್ನೇ ತಂದೆವು. ಮುದ್ದೆ, ಸುಟ್ಟ ಈರುಳ್ಳಿಯ ಬಸ್ಸಾರು, ಒಬ್ಬಟ್ಟು, ವಡೆ. ನಮ್ಮನೆಯವರು ಮೊಳೆಯಿಂದ ಜೋಡಿ ಫೋಟೋ ಇಳಿಸಿದರು. ಗೋಡೆಯ ಮೇಲೆ ಅದರ ಜಾಗ ಬೆಳ್ಳಗೆ ಉಳಿಯಿತು. ಚೌಕಟ್ಟು ಬಿಚ್ಚಿ, ಮಾವನವರನ್ನು ಸೊಸೆಯ ಪಕ್ಕದಿಂದ ಬಿಡಿಸಿ ಹೆಂಡತಿಯ ಪಕ್ಕ ಇಟ್ಟದ್ದಾಯಿತು. ನನ್ನ ಫೋಟೋ ಕೈಯಲ್ಲಿ ಹಿಡಿದು ಒಳಕೋಣೆಗೆ ಹೊರಟರು.

"ಅದನ್ನೆಲ್ಲೋ ಒಯ್ತೀಯ" ಅಂದರು ಪಾಪಮ್ಮತ್ತೆ.

"ಇವಳು ಬದುಕಿದಾಳಲ್ಲತ್ತೆ."

"ಇವಳು ಬದುಕಿದಾಳೆ. ಅದರಲ್ಲಿರೋಳು ಇಪ್ಪತ್ತೆರಡು ವರ್ಷ ನಮ್ಮನೆ ಎಡೆ ಉಂಡಿದಾಳೆ. ಮದುವೆ ಮನೇಲಿ ಅವಳ್ನ ಉಪವಾಸ ಕೆಡವಬೇಡಿ. ಇನ್ನೊಂದು ಎಲೆ ಹಾಕ್ರಿ."

ನಮ್ಮನೆಯವರು ನನ್ನ ಫೋಟೋವನ್ನೂ ತಂದು ಪಕ್ಕದಲ್ಲಿಟ್ಟರು. ಎರಡನೆಯ ಎಲೆ ಹಾಕಿದ್ದು ನಾನೇ, ಬಡಿಸಿದ್ದೂ ನಾನೇ. ಬಾಗಿಲು ಎಳೆದು ಜಗಲಿಗೆ ಬಂದೆವು. ಬಿಸಿಲು ಸುಡುತ್ತಿತ್ತು. ನಾನು ಪ್ರತಿ ವರ್ಷದಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ತುಂಬಲಿಲ್ಲ. ಕಾದೆ. ಬದಲಿಗೆ ಹೊಟ್ಟೆ ಗುರ್ ಎಂದಿತು, ಪಕ್ಕದಲ್ಲಿದ್ದ ಮಗಳಿಗೆ ಕೇಳುವಷ್ಟು. ಅವಳು ನನ್ನ ಕೈ ಹಿಡಿದುಕೊಂಡಳು.

ಕೆಮ್ಮಿ, ಬಾಗಿಲು ತೆಗೆದು, ಒಳಗೆ ಹೋದೆವು. ನಾನು ಯಾರನ್ನೂ ಕೇಳಲಿಲ್ಲ. ನನ್ನ ಫೋಟೋದ ಮುಂದಿದ್ದ ಎಲೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಅದರೆದುರು ಚಕ್ಕಳಮಕ್ಕಳ ಹಾಕಿ ಕೂತು ಉಣ್ಣಲು ಶುರುಮಾಡಿದೆ. ಅಂಥ ರುಚಿಯಾದ ಬಸ್ಸಾರು ನಾನು ಮಾಡಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಮುದ್ದೆ ಮುಗಿಯಿತು, ಒಬ್ಬಟ್ಟು ಮುಗಿಯಿತು. ಎಲ್ಲರೂ ನನ್ನ ಸುತ್ತ ಕೂತು, ಏನೋ ವಿಚಿತ್ರ ನೋಡುವವರಂತೆ ನೋಡುತ್ತಿದ್ದರು.

ಆಗ ಅಡುಗೆಮನೆಯೊಳಗೆ ಸೌಟು ಪಾತ್ರೆಯ ಅಂಚಿಗೆ ಬಡಿಯಿತು. ಟಕ್ ಟಕ್.

ನಮ್ಮನೆಯವರು ನನ್ನ ಕೈ ನೋಡಿದರು. ನನ್ನ ಕೈ ಎಲೆಯ ಮೇಲಿತ್ತು. ಮನೆಯವರೆಲ್ಲ ಅಲ್ಲೇ ಇದ್ದೆವು. ಬೆಕ್ಕಿರಬಹುದು, ನಮ್ಮ ಹಿತ್ತಲಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ.

"ಸಾರು ಬಿಸಿಯಾಗಿದ್ಯಂತೆ" ಅಂದರು ಪಾಪಮ್ಮತ್ತೆ, ತಲೆಯೆತ್ತದೆ. "ಹೋಗಿ ತಗೊಂಡು ಬನ್ನಿ ಯಾರಾದ್ರೂ."

ಯಾರೂ ಏಳಲಿಲ್ಲ. ನನಗಿನ್ನೂ ಒಂದು ಮುದ್ದೆಯ ಹಸಿವಿತ್ತು. ಎಂಜಲುಗೈಯಲ್ಲೇ ನಾನೇ ಎದ್ದೆ.